ಸಾಕೆಟ್ಟಿಗೆ ಜೋಡಿಸುವ ಸೋಲಾರ್‌ಗೊಂದು ನಿಯಮ ಬರೆಯಿರಿ: ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ,
ಬೆಂಗಳೂರು

ವಿಷಯ: ಮನೆಯ ಸಾಕೆಟ್ಟಿಗೆ ನೇರವಾಗಿ ಜೋಡಿಸುವ ಸಣ್ಣ ಸೋಲಾರ್ ಘಟಕಗಳಿಗೆ ಕಾನೂನಿನ ಮಾನ್ಯತೆ ಮತ್ತು ಸುರಕ್ಷತಾ ನಿಯಮ ಕೋರಿ.

ಮಾನ್ಯರೇ,

ನಾನು ತುಮಕೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುವ, ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರ. ಇತ್ತೀಚಿನ ವರ್ಷಗಳಲ್ಲಿ ಗಿರಾಕಿಗಳಿಂದ ಪದೇ ಪದೇ ಒಂದೇ ಪ್ರಶ್ನೆ ಬರುತ್ತಿದೆ: 'ಆನ್‌ಲೈನ್‌ನಲ್ಲಿ ಸೋಲಾರ್ ಪ್ಯಾನೆಲ್ ಸಿಗುತ್ತಂತೆ, ಪ್ಲಗ್ ಚುಚ್ಚಿದರೆ ಸಾಕಂತೆ, ಹಾಕಿಕೊಡ್ತೀರಾ?' ಹಾಕಬಹುದು ಎನ್ನಲು ನನ್ನ ಬಳಿ ನಿಯಮವಿಲ್ಲ. ಹಾಕಬಾರದು ಎಂದು ತೋರಿಸಲು ಆದೇಶವೂ ಇಲ್ಲ. ನಾನು ಒಲ್ಲೆ ಎಂದರೆ ಅವರು ಸುಮ್ಮನಿರುವುದಿಲ್ಲ, ಬೇರೆ ಯಾರಿಂದಲೋ ಹಾಕಿಸಿಕೊಳ್ಳುತ್ತಾರೆ. ಹಾಕಿದ ಮೇಲೆ ಏನೋ ಸರಿಯಿಲ್ಲ ಎಂದು ಮತ್ತೆ ನನ್ನನ್ನೇ ಕರೆಯುತ್ತಾರೆ. ಹೀಗೆ ಕರೆದಾಗ ಹೋಗಿ ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಇದೇನೆಂದು ಬಲ್ಲವರಿಗೆ ಹೇಳಬೇಕಿಲ್ಲ, ಆದರೆ ಪತ್ರವನ್ನು ಸಾರ್ವಜನಿಕರೂ ಓದುವುದರಿಂದ ಎರಡು ಮಾತು. ಒಂದೋ ಎರಡೋ ಪ್ಯಾನೆಲ್, ಅದರ ಬೆನ್ನಿಗೆ ಮೈಕ್ರೋ ಇನ್ವರ್ಟರ್ (ಪ್ಯಾನೆಲ್ಲಿನ ಕರೆಂಟನ್ನು ಮನೆಯ ಕರೆಂಟಿಗೆ ಹೊಂದುವಂತೆ ಮಾರ್ಪಡಿಸುವ ಸಣ್ಣ ಪೆಟ್ಟಿಗೆ), ಅದರಿಂದ ಹೊರಟ ವೈರಿನ ತುದಿಗೆ ಒಂದು ಪ್ಲಗ್. ಬ್ಯಾಟರಿ ಇಲ್ಲ. ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಹಾಕಿದರೆ ಬಿಸಿಲಿನ ಕರೆಂಟು ಮನೆಯ ವೈರಿಂಗಿಗೆ ಸೇರಿ, ಓಡುತ್ತಿರುವ ಫ್ರಿಜ್ಜಿಗೋ ಫ್ಯಾನಿಗೋ ಮೊದಲು ಹೋಗುತ್ತದೆ. ಸಾಲದ್ದನ್ನು ಮಾತ್ರ ಮನೆ ಮೀಟರಿನಿಂದ ಎಳೆದುಕೊಳ್ಳುತ್ತದೆ. ಬೀದಿಯ ಕರೆಂಟು ಹೋದರೆ ಇದೂ ನಿಲ್ಲುತ್ತದೆ, ನಿಲ್ಲಲೇಬೇಕು. ಮಾರುವವರು ಈ ಮಾತನ್ನು ಹೇಳುವುದೇ ಇಲ್ಲ. ಕರೆಂಟು ಹೋದಾಗಲೂ ಉರಿಯುತ್ತದೆ ಎಂದುಕೊಂಡು ಕೊಂಡವರೇ ಹೆಚ್ಚು.

ಇದನ್ನು ಕೇಳಿಕೊಂಡು ಬರುವವರು ಯಾರು ಎಂಬುದನ್ನು ತಾವು ಗಮನಿಸಬೇಕು. ಸ್ವಂತ ತಾರಸಿ ಇರುವವರು ಬರುವುದಿಲ್ಲ. ಅವರಿಗೆ 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಇದೆ. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಒಳ್ಳೆಯ ಯೋಜನೆ, ಅದರಡಿ ನಾನೂ ಕೆಲಸ ಮಾಡಿದ್ದೇನೆ. ನನ್ನ ಬಳಿ ಬರುವವರು ಮಹಡಿ ಮೇಲಿನ ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನ ನಡುವಿನ ಅಂತಸ್ತಿನವರು, ಶೀಟಿನ ಮನೆಯವರು. ನಮ್ಮ ಊರುಗಳ ಮನೆಗಳನ್ನು ತಾವು ಬಲ್ಲಿರಿ. ಕೆಳಗೆ ಮಾಲೀಕರು, ಮೇಲೆ ಎರಡೋ ಮೂರೋ ಬಾಡಿಗೆ ಮನೆಗಳು, ಒಂದೊಂದಕ್ಕೂ ಬೇರೆ ಆರ್.ಆರ್. ನಂಬರು, ಬೇರೆ ಮೀಟರು. ಬಿಲ್ಲು ಕಟ್ಟುವವರು ಬಾಡಿಗೆದಾರರು, ತಾರಸಿ ಮಾಲೀಕರದು. ಅಲ್ಲಿ ನೀರಿನ ಟ್ಯಾಂಕು, ಬಿಸಿನೀರಿನ ಸೋಲಾರು, ಬಟ್ಟೆ ಒಣಹಾಕುವ ತಂತಿ ಬಿಟ್ಟು ಉಳಿದ ಜಾಗ ಎಷ್ಟು? ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿದೆ. ಅದೇ ಜಿಲ್ಲೆಯ ಬಾಡಿಗೆ ಮನೆಯ ಒಬ್ಬ ಟೀಚರಮ್ಮ ತನ್ನ ಸಜ್ಜೆಯ ಮೇಲೆ ಒಂದು ಪ್ಯಾನೆಲ್ ಇಡಬಹುದೇ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಕಾನೂನಿನಲ್ಲಿ ಇದಕ್ಕೆ ಜಾಗವೇ ಇಲ್ಲವೆಂದಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 9ನೇ ಕಲಮು ಸ್ವಂತ ಬಳಕೆಗೆ ಯಾವುದೇ ವ್ಯಕ್ತಿ ವಿದ್ಯುತ್ ಉತ್ಪಾದಿಸಬಹುದು ಎನ್ನುತ್ತದೆ. ನವೀಕರಿಸಬಹುದಾದ ಮೂಲಗಳನ್ನು ಉತ್ತೇಜಿಸುವ ಹೊಣೆಯನ್ನು 86ನೇ ಕಲಮು ತಮ್ಮ ಆಯೋಗಕ್ಕೇ ಒಪ್ಪಿಸಿದೆ. ಕೇಂದ್ರ ಸರ್ಕಾರದ 2020ರ ಗ್ರಾಹಕರ ಹಕ್ಕುಗಳ ನಿಯಮಗಳು, ಗ್ರಾಹಕರು ಗ್ರಾಹಕರಾಗಿದ್ದುಕೊಂಡೇ ಉತ್ಪಾದಕರೂ ಆಗಬಹುದು ಎಂದಿವೆ. 2024ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 10 ಕಿಲೋವ್ಯಾಟ್‌ವರೆಗಿನ ಛಾವಣಿ ಸೋಲಾರ್ ಅರ್ಜಿಗಳನ್ನು ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಇಲ್ಲದೆಯೇ ಒಪ್ಪಿದಂತೆ ಭಾವಿಸಬೇಕು ಎಂದಿತು. ಹತ್ತು ಕಿಲೋವ್ಯಾಟ್‌ಗೆ ಪರಿಶೀಲನೆ ಬೇಡವಾದ ಮೇಲೆ ಅದರ ಹದಿನೈದನೇ ಒಂದು ಭಾಗದಷ್ಟೂ ಇಲ್ಲದ, ನಾನು ಈ ಪತ್ರದಲ್ಲಿ ಕೇಳುತ್ತಿರುವ 600 ವ್ಯಾಟ್‌ಗೆ ಅಡ್ಡಿ ಏಕೆ?

ಅಡ್ಡಿ ಇರುವುದು ಬೇರೆ ಕಡೆ. ಆಯೋಗದ 2016ರ ನಿಯಮಾವಳಿ ಬರೆದದ್ದು ಛಾವಣಿಯ ಸ್ಥಾವರಗಳಿಗೆ. ಅರ್ಜಿ, ಒಪ್ಪಂದ, ಎರಡೂ ದಿಕ್ಕಿಗೆ ಓದುವ ಮೀಟರ್, ತಪಾಸಣೆ ಎಲ್ಲವನ್ನೂ ಆ ಅಳತೆಗೇ ಇಟ್ಟು ಬರೆಯಲಾಗಿದೆ. ಗ್ರಿಡ್‌ಗೆ ಸೇರುವ ಸಣ್ಣ ಘಟಕಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ತಾಂತ್ರಿಕ ಮಾನದಂಡಗಳು ಅನ್ವಯಿಸುತ್ತವೆ. ಅವು ಬೇಕಾದವೇ. ಆದರೆ ಸಜ್ಜೆಯ ಮೇಲಿನ ಒಂದು ಪ್ಯಾನೆಲ್ಲಿಗೆ ಯಾರ ಹತ್ತಿರ ಹೋಗಬೇಕು, ಯಾವ ಫಾರಂ ತುಂಬಬೇಕು ಎಂದು ಹೇಳುವ ಒಂದು ಸಾಲೂ ಇಲ್ಲ. ಗಿರಾಕಿಯೊಬ್ಬರ ಪರವಾಗಿ ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಯೊಂದರಲ್ಲಿ ವಿಚಾರಿಸಿದೆ. ಒಬ್ಬರು ನೆಟ್ ಮೀಟರಿಂಗ್ (ಬಳಸಿದ್ದರಿಂದ ಗ್ರಿಡ್ಡಿಗೆ ಕೊಟ್ಟಿದ್ದನ್ನು ಕಳೆದು ಬಿಲ್ಲು ಮಾಡುವ ವ್ಯವಸ್ಥೆ) ಅರ್ಜಿ ಹಾಕಿ ಎಂದರು. ಪಕ್ಕದ ಮೇಜಿನವರು ಬಾಡಿಗೆದಾರರಿಗೆ ಅದು ಬರುವುದಿಲ್ಲ ಎಂದರು. ಇನ್ನೊಬ್ಬರು, 'ಸುಮ್ಮನೆ ಹಾಕಿಕೊಳ್ಳಲಿ ಬಿಡಿ, ಯಾರು ನೋಡ್ತಾರೆ' ಎಂದು ಮೆಲ್ಲಗೆ ಹೇಳಿದರು. ಅವರಲ್ಲಿ ಯಾರನ್ನೂ ನಾನು ದೂರುವುದಿಲ್ಲ. ಕೈಯಲ್ಲಿ ಆದೇಶವಿಲ್ಲದ ನೌಕರ ಇನ್ನೇನು ತಾನೆ ಹೇಳಲು ಸಾಧ್ಯ? ಆದರೆ 126ನೇ ಕಲಮಿನ ಅನಧಿಕೃತ ಬಳಕೆಯ ನೋಟಿಸು ಎಂದಾದರೂ ಬಾಗಿಲಿಗೆ ಬಂದೀತು ಎಂಬ ಭಯ ಕಾಡುವುದು ಗ್ರಾಹಕರನ್ನೇ ಹೊರತು, ಮೆಲ್ಲಗೆ ಹೇಳಿದವರನ್ನಲ್ಲ.

ಈ ಮೌನದಿಂದ ಆಗುತ್ತಿರುವ ಅನಾಹುತಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಶೀಟಿನ ಮನೆಯೊಂದರವರು ಪ್ಯಾನೆಲ್ ಹಾಕಿಸಿಕೊಂಡ ಮೇಲೆ ಬಿಲ್ಲು ಇಳಿಯುವ ಬದಲು ಏರಿತು ಎಂದು ಕರೆದರು. ಮಧ್ಯಾಹ್ನದ ಹೊತ್ತು. ಮನೆಯ ಫ್ರಿಜ್ಜು, ಫ್ಯಾನು, ಟಿವಿ ಎಲ್ಲವನ್ನೂ ಆಫ್ ಮಾಡಿಸಿದೆ. ಸೋಲಾರ್ ಪ್ಲಗ್ ಮಾತ್ರ ಸಾಕೆಟ್ಟಿನಲ್ಲಿತ್ತು. ಹೊರಗೆ ಬಂದು ಮೀಟರ್ ನೋಡಿದರೆ ಅದರ ಕೆಂಪು ದೀಪ ಮಿಣುಕುತ್ತಲೇ ಇದೆ. ಪ್ಲಗ್ ಕಿತ್ತೆ, ದೀಪ ನಿಂತಿತು. ಮತ್ತೆ ಹಾಕಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಮಿಣುಕತೊಡಗಿತು. ಅಂದರೆ ಮನೆಯಿಂದ ಬೀದಿಗೆ ಹರಿಯುತ್ತಿದ್ದ ಕರೆಂಟನ್ನೂ ಆ ಮೀಟರು ಮನೆಯವರು ಬಳಸಿದ ಯುನಿಟ್ಟು ಎಂದೇ ಎಣಿಸುತ್ತಿತ್ತು. ಇದು ಮೀಟರು ಕೆಟ್ಟುಹೋದ ಲಕ್ಷಣವಲ್ಲ. ಸಂಪರ್ಕ ತಿರುಗುಮುರುಗು ಮಾಡಿ ಕಳ್ಳತನ ಮಾಡುವವರನ್ನು ತಡೆಯಲು, ಕರೆಂಟು ಯಾವ ದಿಕ್ಕಿಗೆ ಹರಿದರೂ ಮುಂದಕ್ಕೇ ಎಣಿಸುವಂತೆ ಹಲವು ಎಲೆಕ್ಟ್ರಾನಿಕ್ ಮೀಟರುಗಳನ್ನು ರೂಪಿಸಿರುತ್ತಾರೆ. ಕೆಲಸಕ್ಕೆ ಹೋಗುವ ದಂಪತಿಯ ಮನೆಯಲ್ಲಿ ಹಗಲು ಫ್ರಿಜ್ಜು ಬಿಟ್ಟು ಬೇರೇನೂ ಓಡುವುದಿಲ್ಲ. ಉಳಿದ ಬಿಸಿಲೆಲ್ಲ ಹೊರಗೆ ಹರಿಯುತ್ತದೆ, ಅದಕ್ಕೆ ಅವರೇ ದುಡ್ಡು ಕಟ್ಟುತ್ತಾರೆ. ನನ್ನನ್ನು ಕರೆದ ಶೀಟಿನ ಮನೆಯಾಕೆ ಹೊಲಿಗೆ ಕೆಲಸದಲ್ಲಿ ಕೂಡಿಟ್ಟ ಹಣದಲ್ಲಿ ಅದನ್ನು ಕೊಂಡಿದ್ದರು. ಅವರಿಗೆ ಇದನ್ನು ವಿವರಿಸಿ ಹೇಳುವುದು ನನಗೆ ಬಹಳ ಕಷ್ಟವಾಯಿತು.

ಇನ್ನು ಸುರಕ್ಷತೆಯ ಮಾತು. ಈ ಘಟಕಗಳ ಬಗ್ಗೆ ವಿದೇಶದ ವಿಡಿಯೋಗಳನ್ನು ನೋಡಿ ನಮ್ಮವರು ನಂಬುತ್ತಾರೆ. ಆ ದೇಶಗಳ ಮನೆಗಳಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ವಸ್ತು ನಮ್ಮ ಮನೆಗಳಲ್ಲಿದೆ, ಯುಪಿಎಸ್. ಕರೆಂಟು ಹೋದ ಕೂಡಲೇ ಯುಪಿಎಸ್ ತಾನೇ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ಸೋಲಾರ್ ಪ್ಲಗ್ ಅದೇ ಲೈನಿನ ಸಾಕೆಟ್ಟಿನಲ್ಲಿದ್ದರೆ ಮೈಕ್ರೋ ಇನ್ವರ್ಟರ್ ಅದನ್ನು ಬೀದಿಯ ಕರೆಂಟೆಂದೇ ತಿಳಿದು ತನ್ನ ಉತ್ಪಾದನೆಯನ್ನು ಯುಪಿಎಸ್‌ನೊಳಕ್ಕೇ ತಳ್ಳಬಹುದು. ಹಿಂದಿನಿಂದ ನುಗ್ಗುವ ಕರೆಂಟನ್ನು ತಡೆದುಕೊಳ್ಳುವಂತೆ ಸಾಮಾನ್ಯ ಯುಪಿಎಸ್ ಅನ್ನು ಮಾಡಿರುವುದಿಲ್ಲ. ಅದು ಸುಡಬಹುದು, ಬ್ಯಾಟರಿ ಅತಿಯಾಗಿ ಚಾರ್ಜಾಗಬಹುದು. ಡೀಸೆಲ್ ಜನರೇಟರ್ ಇರುವ ಅಪಾರ್ಟ್‌ಮೆಂಟುಗಳಲ್ಲೂ ಇದೇ ಜಾತಿಯ ತೊಂದರೆ. ನಾನು ಕಂಡ ಘಟಕಗಳಲ್ಲಿ ಹೆಚ್ಚಿನವು ಯುಪಿಎಸ್ ಲೈನಿನಲ್ಲೇ ಇದ್ದವು, ಕಾರಣ ಇಷ್ಟೇ: ಬಾಲ್ಕನಿಗೆ ಹತ್ತಿರದ ಸಾಕೆಟ್ಟು ಅದಾಗಿತ್ತು.

ವೈರಿನದು ಎರಡನೇ ಚಿಂತೆ. 16 ಆಂಪ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು) ತನ್ನ ಮೂಲಕ ಹೋಗುವ ಕರೆಂಟನ್ನಷ್ಟೇ ಲೆಕ್ಕ ಹಿಡಿಯುತ್ತದೆ. ಅದೇ ಸರ್ಕ್ಯೂಟಿನ ಆಚೆ ತುದಿಯಿಂದ ಸೋಲಾರು ಕೊಡುವ ಎರಡೂವರೆ ಮೂರು ಆಂಪ್ ಅದಕ್ಕೆ ಕಾಣುವುದಿಲ್ಲ. ಹೊಸ ಮನೆಯ ಒಳ್ಳೆಯ ತಾಮ್ರದ ವೈರು ತಡೆದುಕೊಂಡೀತು. ಹಳೆಯ ಮನೆಗಳಲ್ಲಿ, ಅದರಲ್ಲೂ ಫ್ಯೂಸಿಗೆ ದಪ್ಪ ತಂತಿ ಸುತ್ತಿಟ್ಟ ಮನೆಗಳಲ್ಲಿ, ನಾನು ಭರವಸೆ ಕೊಡಲಾರೆ. ಅರ್ಥಿಂಗ್ ಎಂಬುದು ಎಷ್ಟೋ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗಷ್ಟೇ ಸೀಮಿತ, ಅದರ ಹಿಂದೆ ವೈರೇ ಇರುವುದಿಲ್ಲ. ಪ್ಯಾನೆಲ್ಲಿನ ಭಾರದ ಬಗ್ಗೆಯೂ ಯಾರೂ ಯೋಚಿಸುವುದಿಲ್ಲ. 540 ವ್ಯಾಟ್‌ನ ಒಂದು ಪ್ಯಾನೆಲ್ ಏಳು ಅಡಿಗೂ ಉದ್ದ, 25 ಕೆ.ಜಿ.ಗೂ ಹೆಚ್ಚು ತೂಕ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಅದು ಮೂರನೇ ಮಹಡಿಯ ರೇಲಿಂಗಿನಿಂದ ಕಳಚಿಕೊಂಡರೆ ಕೆಳಗಿರುವವರ ಗತಿಯೇನು?

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಲೈನಿನ ಮೇಲೆ ಕೆಲಸ ಮಾಡುವವರ ಜೀವ. ಲೈನ್ ಕ್ಲಿಯರ್ ತೆಗೆದುಕೊಂಡು, ಅಂದರೆ ಲೈನಿನ ಕರೆಂಟು ನಿಲ್ಲಿಸಿದ ಖಾತ್ರಿ ಪಡೆದು, ಕಂಬ ಹತ್ತಿದ ಪವರ್‌ಮ್ಯಾನ್‌ಗೆ ಯಾವುದೋ ಮನೆಯಿಂದ ಹಿಮ್ಮುಖವಾಗಿ ಕರೆಂಟು ಬಂದರೆ ಆಗುವುದನ್ನು ಬಿಡಿಸಿ ಹೇಳಬೇಕಿಲ್ಲ. ಬೀದಿಯ ಕರೆಂಟನ್ನೂ ಜನರೇಟರಿನದನ್ನೂ ಬೇರೆಯಾಗಿಡುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸುವವರಿಂದ ಈ ಅಪಾಯ ಮೊದಲೇ ಇದೆ. ಪರೀಕ್ಷೆಗೆ ಒಳಪಟ್ಟ ಮೈಕ್ರೋ ಇನ್ವರ್ಟರ್ ಬೀದಿಯ ಕರೆಂಟು ಹೋದ ಕ್ಷಣಾರ್ಧದಲ್ಲಿ ತಾನೂ ನಿಲ್ಲುತ್ತದೆ. ಈ ಪರೀಕ್ಷೆಗೆ ಐಎಸ್ 16169 ಎಂಬ ಭಾರತೀಯ ಮಾನಕವೇ ಇದೆ. ಇನ್ವರ್ಟರಿನ ಸುರಕ್ಷತೆಗೆ ಐಎಸ್ 16221 ಇದೆ. ಮಾನಕಗಳಿಗೆ ಕೊರತೆಯಿಲ್ಲ. ಆದರೆ ಆನ್‌ಲೈನ್‌ನಿಂದ ಬಂದ ಪೆಟ್ಟಿಗೆಗಳನ್ನು ತಿರುವಿ ನೋಡಿದಾಗ ಕೆಲವದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತೇ ಇರಲಿಲ್ಲ. ಹಾಕಿದವರು ಯಾರೆಂದು, ಎಲ್ಲಿ ಹಾಕಿದ್ದಾರೆಂದು ಬರೆದಿಟ್ಟುಕೊಳ್ಳುವ ಪುಸ್ತಕ ಯಾವ ಕಚೇರಿಯಲ್ಲೂ ಇಲ್ಲದಿರುವಾಗ ಪವರ್‌ಮ್ಯಾನ್‌ಗೆ ಎಚ್ಚರಿಕೆ ಹೇಳುವವರು ಯಾರು?

ಇಷ್ಟು ಅಪಾಯಗಳನ್ನು ಹೇಳಿದ ಮೇಲೆ, ಹಾಗಾದರೆ ಪೂರ್ತಿ ನಿಷೇಧಿಸಿಬಿಡೋಣ ಎಂದು ತಮಗೆ ಅನ್ನಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನಿಷೇಧಿಸಿದರೆ ಕೊಳ್ಳುವವರು ನಿಲ್ಲುವುದಿಲ್ಲ, ನನ್ನಂಥ ಲೈಸೆನ್ಸ್‌ದಾರರು ಆ ಮನೆಗಳಿಗೆ ಕಾಲಿಡುವುದು ಮಾತ್ರ ನಿಲ್ಲುತ್ತದೆ. ಬೇರೆ ಕಡೆಯವರು ದಾರಿ ಕಂಡುಕೊಂಡಿದ್ದಾರೆ. ಜರ್ಮನಿಯಲ್ಲಿ ಮೊದಲು 600 ವ್ಯಾಟ್ ಮಿತಿ ಇತ್ತು, 2024ರಲ್ಲಿ 800ಕ್ಕೆ ಏರಿಸಿದರು. ಅಲ್ಲಿ ಆನ್‌ಲೈನ್ ನೋಂದಣಿಯೊಂದನ್ನು ಮಾಡಿಕೊಂಡರೆ ಸಾಕು. ಅದೇ ವರ್ಷ, ಸಕಾರಣವಿಲ್ಲದೆ ಮನೆ ಮಾಲೀಕರು ಬಾಡಿಗೆದಾರರಿಗೆ ಇಲ್ಲವೆನ್ನುವಂತಿಲ್ಲ ಎಂದು ಕಾನೂನು ತಂದರು. ಇಂದು ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಘಟಕಗಳು ನೋಂದಣಿಯಾಗಿವೆ. ಅಮೆರಿಕದ ಯೂಟಾ ರಾಜ್ಯ 2025ರಲ್ಲಿ ಶಾಸನ ಮಾಡಿ, 1,200 ವ್ಯಾಟ್‌ವರೆಗಿನ ಪ್ರಮಾಣೀಕೃತ ಘಟಕಗಳಿಗೆ ವಿದ್ಯುತ್ ಕಂಪನಿಯ ಒಪ್ಪಂದವೇ ಬೇಡ ಎಂದಿತು. ಒಂದು ರಾಜ್ಯ ತನ್ನ ಮಟ್ಟಿಗೆ ನಿಯಮ ಮಾಡಿಕೊಳ್ಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಆದರೂ ಅವರ ನಿಯಮವನ್ನು ಹಾಗೇ ಎತ್ತಿ ಇಲ್ಲಿ ಇಡಬೇಡಿ ಎಂದೂ ಕೋರುತ್ತೇನೆ. ನಮ್ಮ ವೈರಿಂಗ್ ಬೇರೆ ಎಂದು ಆಗಲೇ ಹೇಳಿದೆ. ನಮ್ಮ ಬಿಸಿಲೂ ಬೇರೆ. ಜರ್ಮನಿಯಲ್ಲಿ ಸೂರ್ಯ ಓರೆಯಾಗಿ ಬರುವುದರಿಂದ ಬಾಲ್ಕನಿಯ ರೇಲಿಂಗಿಗೆ ನೆಟ್ಟಗೆ ಕಟ್ಟಿದ ಪ್ಯಾನೆಲ್ಲಿಗೂ ಚೆನ್ನಾಗಿ ಬೆಳಕು ಬೀಳುತ್ತದೆ. ಬೆಂಗಳೂರು, ತುಮಕೂರಿನ ಕಡೆ ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ ಶೂನ್ಯ ನೆರಳಿನ ದಿನ ಬರುತ್ತದೆ. ಆ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ಮುಖಮಾಡಿ ನೆಟ್ಟಗೆ ಕಟ್ಟಿದ ಪ್ಯಾನೆಲ್ಲಿಗೆ ಆ ದಿನಗಳ ನಡುಹಗಲಲ್ಲಿ ನೇರ ಬಿಸಿಲೇ ಬೀಳದು. ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯುನಿಟ್ ಎಂಬ ಲೆಕ್ಕ ತಾರಸಿಯ ಮೇಲೆ ಸರಿಯಾದ ಓರೆಯಲ್ಲಿಟ್ಟರೆ ಮಾತ್ರ. ಆ ಲೆಕ್ಕದಲ್ಲಿ 600 ವ್ಯಾಟ್‌ಗೆ ಹೆಚ್ಚೆಂದರೆ ದಿನಕ್ಕೆ ಎರಡೂಕಾಲು, ಎರಡೂವರೆ ಯುನಿಟ್ಟು. ಬಾಲ್ಕನಿಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಯುನಿಟ್ಟಿಗೆ ಆರು ರೂಪಾಯಿಯ ಆಸುಪಾಸು ಹಿಡಿದರೂ ತಿಂಗಳಿಗೆ ನಾಲ್ಕುನೂರೈವತ್ತು ರೂಪಾಯಿ ದಾಟುವುದು ಕಷ್ಟ. ಸಾಮಾನ್ಯ ಕುಟುಂಬಕ್ಕೆ ಅದೂ ಸಣ್ಣ ಮೊತ್ತವಲ್ಲ, ಆದರೆ ಕೊಳ್ಳುವ ಮುಂಚೆ ನಿಜ ಲೆಕ್ಕ ಅವರ ಕಣ್ಣ ಮುಂದಿರಬೇಕು.

ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆಯ ವಿಚಾರವನ್ನೂ ಇಲ್ಲಿ ಬಿಡುವಂತಿಲ್ಲ. ಶೂನ್ಯ ಬಿಲ್ಲಿನ ಮನೆಯವರು ಪ್ಯಾನೆಲ್ ಹಾಕಿದರೆ ಉಳಿತಾಯವಾಗುವುದು ಸರ್ಕಾರದ ಬೊಕ್ಕಸಕ್ಕೆ, ಅವರಿಗಲ್ಲ. ಬೇಸಿಗೆಯಲ್ಲಿ 200 ಯುನಿಟ್ ದಾಟಿ ಪೂರ್ತಿ ಬಿಲ್ಲು ಕಟ್ಟುವ ಮನೆಯವರಿಗೆ ಮಾತ್ರ ತಿಂಗಳಿಗೆ ಐವತ್ತು ಯುನಿಟ್ ಇಳಿದರೂ ದೊಡ್ಡ ವ್ಯತ್ಯಾಸ. ಇದರಿಂದ ಸಹಾಯಧನದ ಲೆಕ್ಕ ಎತ್ತ ವಾಲುತ್ತದೆ ಎಂಬುದನ್ನು ಇಂಧನ ಇಲಾಖೆ ಮುಂಚೆಯೇ ಕೂತು ನೋಡಬೇಕು. ಪ್ಯಾನೆಲ್ ಹಾಕಿ ಬಳಕೆ ತಗ್ಗಿಸಿಕೊಂಡವರ ಉಚಿತ ಯುನಿಟ್ಟಿನ ಅರ್ಹತೆಗೆ ಹಿಡಿದ ಹಿಂದಿನ ಬಳಕೆಯ ಸರಾಸರಿಯನ್ನು ಮುಂದೆಂದೂ ಅದೇ ಕಾರಣಕ್ಕೆ ಕತ್ತರಿಸುವುದಿಲ್ಲ ಎಂಬ ಲಿಖಿತ ಭರವಸೆ ಬೇಕು.

ಈಗ ನನ್ನ ಬೇಡಿಕೆಗಳು. ಒಂದು ಆರ್.ಆರ್. ನಂಬರಿಗೆ 600 ವ್ಯಾಟ್‌ವರೆಗಿನ ಘಟಕವನ್ನು ಪ್ರತ್ಯೇಕ ವರ್ಗವೆಂದು ಆಯೋಗ ಗುರುತಿಸಲಿ. 800 ಬೇಡವೇ ಎಂದು ಕೆಲವರು ಕೇಳಿಯಾರು. ನಮ್ಮ ಹಳೆಯ ಮನೆಗಳ ವೈರಿಂಗ್ ನೋಡಿದವನಾಗಿ 600ರಿಂದ ಶುರುಮಾಡಿ, ಅನುಭವ ನೋಡಿ ಏರಿಸುವುದು ಕ್ಷೇಮ ಎನ್ನುತ್ತೇನೆ. ಇದಕ್ಕೆ ಅನುಮತಿ ಬೇಡ, ಮಾಹಿತಿ ಸಾಕು: ಆರ್.ಆರ್. ನಂಬರು, ಇನ್ವರ್ಟರಿನ ಮಾದರಿ, ಬಿಐಎಸ್ ನೋಂದಣಿ ಸಂಖ್ಯೆ, ಇಷ್ಟನ್ನು ಆನ್‌ಲೈನ್‌ನಲ್ಲಿ ತುಂಬಿದರೆ ಸ್ವೀಕೃತಿ ಪತ್ರ ಬರಲಿ. ಆ ಪತ್ರ ಇದ್ದವರ ಮೇಲೆ 126ನೇ ಕಲಮಾಗಲಿ, ವಿದ್ಯುತ್ ಕಳ್ಳತನದ 135ನೇ ಕಲಮಾಗಲಿ ಪ್ರಯೋಗಿಸುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಈಗಾಗಲೇ ಹಾಕಿಕೊಂಡವರು ದಂಡವಿಲ್ಲದೆ ಮುಂದೆ ಬಂದು ಹೇಳಿಕೊಳ್ಳಲು ಕಾಲಾವಕಾಶ ಕೊಡಿ. ಆ ಪಟ್ಟಿ ಟ್ರಾನ್ಸ್‌ಫಾರ್ಮರ್‌ವಾರು ಆಯಾ ಸೆಕ್ಷನ್ ಕಚೇರಿಯಲ್ಲಿ, ಪವರ್‌ಮ್ಯಾನ್‌ಗಳ ಕೈಗೆ ಸಿಗುವಂತೆ ಇರಲಿ.

ಪ್ಲಗ್ಗನ್ನು ಸಿಕ್ಕ ಸಾಕೆಟ್ಟಿಗೆ ಹಾಕುವುದನ್ನು ಒಪ್ಪಬೇಡಿ. ಡಿಬಿ ಬೋರ್ಡಿನಿಂದ (ಮನೆಯ ಎಲ್ಲ ಲೈನುಗಳು ಕವಲೊಡೆಯುವ ಮುಖ್ಯ ಪೆಟ್ಟಿಗೆಯಿಂದ) ನೇರ ಬಂದ ಒಂದು ಪ್ರತ್ಯೇಕ ಪಾಯಿಂಟು, ಅದಕ್ಕೆ ಸ್ವಂತ ಎಂಸಿಬಿ, 30 ಮಿಲಿ ಆಂಪ್‌ನ ಆರ್‌ಸಿಸಿಬಿ, ನಿಜವಾದ ಅರ್ಥಿಂಗ್ ಕಡ್ಡಾಯವಾಗಲಿ (ಆರ್‌ಸಿಸಿಬಿ ಎಂದರೆ ಕರೆಂಟು ಸೋರಿದರೆ ಕೂಡಲೇ ಕಡಿದುಹಾಕುವ ಸ್ವಿಚ್ಚು). ಯುಪಿಎಸ್ ಮತ್ತು ಜನರೇಟರ್ ಲೈನಿನಲ್ಲಿ ಹಾಕುವುದನ್ನು ಪೂರ್ತಿ ನಿಷೇಧಿಸಿ. ಇದನ್ನು ಲೈಸೆನ್ಸ್ ಇದ್ದವರು ನೋಡಿ ಒಂದು ಪುಟದ ಪ್ರಮಾಣಪತ್ರ ಕೊಡಲಿ. ಗುತ್ತಿಗೆದಾರನಾಗಿ ನಾನೇ ಇದನ್ನು ಕೇಳಿದರೆ ಸ್ವಂತ ಲಾಭಕ್ಕೆ ಎಂದು ಕಾಣಬಹುದು. ಅದಕ್ಕಾಗಿಯೇ ಹೇಳುತ್ತೇನೆ, ಈ ಕೆಲಸದ ಗರಿಷ್ಠ ಶುಲ್ಕವನ್ನು ಆಯೋಗವೇ ನಿಗದಿ ಮಾಡಲಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದವರ ಲೈಸೆನ್ಸ್ ಬಗ್ಗೆ ಕ್ರಮವಾಗಲಿ.

ಮೀಟರಿನ ವಿಷಯದಲ್ಲಿ, ಯಾವ ಯಾವ ಮಾದರಿಗಳು ಹಿಮ್ಮುಖ ಹರಿವನ್ನು ಬಳಕೆ ಎಂದು ಎಣಿಸುತ್ತವೆ ಎಂಬ ಪಟ್ಟಿಯನ್ನು ಎಲ್ಲ ಎಸ್ಕಾಂಗಳು ಪ್ರಕಟಿಸಲಿ. ಮಾಹಿತಿ ಕೊಟ್ಟು ಘಟಕ ಹಾಕುವವರ ಮೀಟರು ಆ ಪಟ್ಟಿಯಲ್ಲಿದ್ದರೆ ಬದಲಿಸಿಕೊಡಲಿ. ಹೊರಗೆ ಹರಿದ ಯುನಿಟ್ಟಿಗೆ ಹಣ ಕೊಡಿ ಎಂದು ನಾವು ಕೇಳುತ್ತಿಲ್ಲ, ಅದಕ್ಕೆ ನಮ್ಮಿಂದ ಹಣ ತೆಗೆದುಕೊಳ್ಳಬೇಡಿ ಎನ್ನುತ್ತಿದ್ದೇವೆ. ಕರೆಂಟು ಹೋದಾಗ ಈ ಘಟಕ ಕೆಲಸ ಮಾಡುವುದಿಲ್ಲ, ಯುಪಿಎಸ್ ಲೈನಿಗೆ ಹಾಕಬಾರದು ಎಂಬ ಎರಡು ಸಾಲನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕದವರು ಈ ರಾಜ್ಯದಲ್ಲಿ ಮಾರದಂತೆ ಮಾಡಲು ಸರ್ಕಾರಕ್ಕೆ ಶಿಫಾರಸು ಮಾಡಿ.

ಮನೆ ಮಾಲೀಕರ ಒಪ್ಪಿಗೆ, ಅಪಾರ್ಟ್‌ಮೆಂಟ್ ಸಂಘಗಳ ಬೈಲಾ ಆಯೋಗದ ಕೈಗೆ ಮೀರಿದವು ಎಂಬ ಅರಿವು ನನಗಿದೆ. ಆದ್ದರಿಂದ ಈ ಪತ್ರದ ಪ್ರತಿಯನ್ನು ಇಂಧನ ಇಲಾಖೆಗೂ ಕಳಿಸುತ್ತಿದ್ದೇನೆ. ಗಟ್ಟಿಯಾಗಿ ಕಟ್ಟಿದ, ಯಾರ ಮೇಲೂ ಬೀಳದ, ಯಾರ ಬೆಳಕಿಗೂ ಅಡ್ಡಬಾರದ ಪ್ಯಾನೆಲ್ಲಿಗೆ ಸಕಾರಣವಿಲ್ಲದೆ ಬೇಡವೆನ್ನುವಂತಿಲ್ಲ ಎಂಬ ನಿಯಮ ಬಾಡಿಗೆದಾರರಿಗೆ ಬೇಕೇ ಬೇಕು. ತಾರಸಿ ಇಲ್ಲದವರಿಗೆ ಬಿಸಿಲಿನ ಪಾಲು ಸಿಗುವುದು ಆ ನಿಯಮದಿಂದಲೇ.

ಆಯೋಗವು ಮೊದಲು ಒಂದು ಕರಡನ್ನು ಪ್ರಕಟಿಸಿ ಆಕ್ಷೇಪಣೆ, ಸಲಹೆಗಳನ್ನು ಕರೆಯಲಿ. ಅದರ ಕನ್ನಡ ಪ್ರತಿ ಇಂಗ್ಲಿಷ್ ಪ್ರತಿಯ ಜೊತೆಗೇ ಹೊರಬರಲಿ. ಸಾರ್ವಜನಿಕ ವಿಚಾರಣೆಯನ್ನು ಬೆಂಗಳೂರಿನಲ್ಲಷ್ಟೇ ಮುಗಿಸದೆ ಪ್ರತಿ ಎಸ್ಕಾಂ ವ್ಯಾಪ್ತಿಯಲ್ಲೂ ನಡೆಸಿ, ಪವರ್‌ಮ್ಯಾನ್‌ಗಳನ್ನು ಕರೆದು ಕೇಳಿ. ವಿಚಾರಣೆಗೆ ನಾನೂ ಬರುತ್ತೇನೆ. ಒಂದು ಹಳೆಯ ಮೀಟರು, ಒಂದು ಯುಪಿಎಸ್, ಒಂದು ಸಣ್ಣ ಪ್ಯಾನೆಲ್ ತಂದು, ಮೇಲೆ ಬರೆದದ್ದನ್ನೆಲ್ಲ ಆಯೋಗದ ಎದುರಿಗೇ ಮಾಡಿ ತೋರಿಸಲು ಸಿದ್ಧನಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ವಿದ್ಯುತ್ ಗುತ್ತಿಗೆದಾರ
ತುಮಕೂರು